ಮಗಳ ಬೇಸಿಗೆ ರಜೆ ಯಾರದು?

ನಿಮ್ಮ ಮನೆಯಲ್ಲಿ ಬಿ.ಎಸ್ಸಿ. ಓದುವ ಮಗಳಿದ್ದಾಳೆಯೇ? ಫಿಸಿಕ್ಸ್ ಅವಳ ಮೆಚ್ಚಿನ ವಿಷಯವೇ? ಹಾಗಿದ್ದರೆ ಈ ಮಾತು ನಿಮಗೇ. ಪರೀಕ್ಷೆ ಮುಗಿದ ಮೇಲೆ ಅವಳ ರಜೆ ಹೇಗೆ ಕಳೆಯುತ್ತದೆ, ಒಮ್ಮೆ ನೆನಪಿಸಿಕೊಳ್ಳಿ. ಹಪ್ಪಳ-ಸಂಡಿಗೆ, ಅಕ್ಕನ ಬಾಣಂತನ, ಚಿಕ್ಕಪ್ಪನ ಮಗಳ ಮದುವೆ, ಬಂದ ನೆಂಟರಿಗೆ ಕಾಫಿ-ತಿಂಡಿ... ಎರಡು ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ. ಇದೆಲ್ಲ ಬೇಡ ಅಂತಲ್ಲ. ಆದರೆ ಒಂದೇ ಒಂದು ಬೇಸಿಗೆಯನ್ನು ಅವಳಿಗಾಗಿ ಬಿಟ್ಟುಕೊಡಬಾರದೇ?

ಪದವಿ ಓದುವ ಮಕ್ಕಳು ರಜೆಯಲ್ಲಿ ವಿಜ್ಞಾನಿಗಳ ಜೊತೆ ಕೆಲಸ ಮಾಡುವ ಅವಕಾಶ ನಮ್ಮಲ್ಲಿದೆ ಎಂಬುದೇ ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತ ಬಂದಿದೆ. ಆಯ್ಕೆಯಾದವರು ದೇಶದ ಯಾವುದಾದರೂ ಸಂಸ್ಥೆಯಲ್ಲಿ ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ದುಡಿಯುತ್ತಾರೆ. ರೈಲಿನ ಖರ್ಚು, ತಿಂಗಳ ಭತ್ಯೆ ಅಕಾಡೆಮಿಯದೇ. ಬೆಂಗಳೂರಿನಲ್ಲೇ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಕೂಡ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಮುಂಬೈಯ ಟಾಟಾ ಸಂಸ್ಥೆ, ಪುಣೆಯ ಐಯುಕಾ ಬೇರೆ. ಯಾವ ವರ್ಷದಲ್ಲಿ ಓದುವವರಿಗೆ ಅವಕಾಶ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಅದನ್ನು ಮೊದಲೇ ನೋಡಿಕೊಳ್ಳಬೇಕು.

ಅಲ್ಲಿ ಹೋಗಿ ಮಾಡುವುದೇನು ಅಂತೀರಾ? ಕಾಲೇಜಿನ ಲ್ಯಾಬಿನಲ್ಲಿ ಉತ್ತರ ಮೊದಲೇ ರೆಕಾರ್ಡ್ ಪುಸ್ತಕದಲ್ಲಿರುತ್ತದೆ. ಇಲ್ಲಿ ಹಾಗಲ್ಲ. ದೂರದರ್ಶಕ ಕಳಿಸಿದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡಬೇಕು, ಲೇಸರ್ ಕಿರಣವನ್ನು ಸರಿಯಾದ ಜಾಗಕ್ಕೆ ತರಲು ದಿನಗಟ್ಟಲೆ ಹೆಣಗಬೇಕು. ಕೊನೆಗೆ ಏನು ಸಿಗುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ! ‘ಇದೇ ನನ್ನ ದಾರಿ’ ಎಂದೋ, ‘ಇದು ನನಗಾಗದಪ್ಪಾ’ ಎಂದೋ ಅವಳಿಗೆ ತಿಳಿಯುತ್ತದೆ. ಎಂ.ಎಸ್ಸಿ.ಗೆ ಸೇರುವ ಮುಂಚೆಯೇ ತಿಳಿದರೆ ಎರಡೂ ಲಾಭವೇ ಅಲ್ವಾ?

‘ಹೆಣ್ಣು ಹುಡುಗಿ, ಒಬ್ಬಳೇ ಎರಡು ತಿಂಗಳಾ?’ ಎಂಬ ಮಾತು ಬಂದೇ ಬರುತ್ತದೆ. ಆ ಅಂಜಿಕೆ ಸುಳ್ಳು ಎಂದು ನಾನು ಹೇಳಲಾರೆ. ಉಳಿಯಲು ಹಾಸ್ಟೆಲ್ ಉಂಟೇ, ರಾತ್ರಿ ಲ್ಯಾಬಿನಿಂದ ಬರುವುದು ಹೇಗೆ, ದೂರು ಹೇಳಲು ಯಾರಿದ್ದಾರೆ ಎಂದು ಸಂಸ್ಥೆಯನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು. ಆದರೆ ಕೇಳದೆಯೇ ‘ಬೇಡ’ ಅನ್ನಬೇಡಿ. ಇದೇ ಪತ್ರ ಮಗನಿಗೆ ಬಂದಿದ್ದರೆ ಬೀದಿಗೆಲ್ಲ ಸಿಹಿ ಹಂಚುತ್ತಿರಲಿಲ್ಲವೇ?

ಅನ್ನಾ ಮಣಿಯವರ ಕತೆ ಕೇಳಿ. ಕೇರಳದ ಈ ಹುಡುಗಿ ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡ, ವಿಶ್ವಕೋಶ ಬೇಕು ಎಂದು ಕೇಳಿ ಪಡೆದಳಂತೆ. 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನೇ ಅಭ್ಯಾಸ ಮಾಡಿದರು. ಕೈಯಲ್ಲಿದ್ದದ್ದು ಬಿ.ಎಸ್ಸಿ. ಆನರ್ಸ್ ಮಾತ್ರ. ಎಂ.ಎಸ್ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಆದರೂ ಹವಾಮಾನ ಇಲಾಖೆ ಸೇರಿ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಅಂದು ಮನೆಯವರು ಊರು ಬಿಡಲು ಒಪ್ಪದೇ ಇದ್ದಿದ್ದರೆ?

ಈಗ ಮನೆಯಲ್ಲಿ ಮಾಡಬೇಕಾದ್ದು. ರಜೆ ಬರುವುದು ಬೇಸಿಗೆಯಲ್ಲಿ, ಅರ್ಜಿ ಹಾಕುವುದು ಚಳಿಗಾಲದಲ್ಲಿ! ದೀಪಾವಳಿ ಕಳೆಯುತ್ತಿದ್ದಂತೆ ಸಂಸ್ಥೆಗಳ ಪ್ರಕಟಣೆ ನೋಡಲು ಮಗಳಿಗೆ ಹೇಳಿ. ಅಂಕಪಟ್ಟಿ, ಮೇಷ್ಟ್ರ ಶಿಫಾರಸು ಪತ್ರ, ‘ನನಗೇಕೆ ಆಸಕ್ತಿ’ ಎಂಬ ಪುಟ್ಟ ಬರಹ ಸಿದ್ಧವಿರಲಿ. ಮೇಷ್ಟ್ರನ್ನು ಕೊನೇ ದಿನ ಕೇಳಿದರೆ ಅವರಾದರೂ ಏನು ಬರೆದಾರು? ಒಂದೇ ಕಡೆ ಹಾಕಿ ಕಾಯಬೇಡಿ. ಸೆಮಿಸ್ಟರ್ ಪರೀಕ್ಷೆ ಜೂನ್‌ವರೆಗೆ ಎಳೆದರೆ ಆಯ್ಕೆ ಮಾಡಿದ ವಿಜ್ಞಾನಿಗೆ ಮೊದಲೇ ತಿಳಿಸಲಿ. ಸಾವಿರಾರು ರೂಪಾಯಿ ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕೊಡುವವರಿಂದ ಮಾತ್ರ ದೂರವಿರಿ.

ಆಯ್ಕೆಯಾಗದೇ ಹೋದರೆ? ಮುಂದಿನ ವರ್ಷ ಇನ್ನೊಮ್ಮೆ. ನಾನು ಓದಿದ್ದು ಬಿ.ಎ., ಫಿಸಿಕ್ಸ್ ಹತ್ತನೇ ಕ್ಲಾಸಿಗೇ ಮುಗೀತು. ಮಗಳ ಲೆಕ್ಕ ಬಿಡಿಸಿಕೊಡಲು ನನ್ನಂಥ ಅಮ್ಮಂದಿರಿಗೆ ಬಾರದಿರಬಹುದು. ಆದರೆ ‘ನೀನು ಹೋಗಿ ಬಾ, ಸಂಡಿಗೆ ನಾನು ಇಡ್ತೀನಿ’ ಅನ್ನಲು ಯಾವ ಪದವಿಯೂ ಬೇಕಿಲ್ಲ. ಏನಂತೀರಿ?