ಚಿಗರಿ ಮೇಯುವುದು ಯಾರ ಹೊಲದಲ್ಲಿ?

ಧಾರವಾಡ ಜಿಲ್ಲೆಯವರಿಗೆ ಕಾಡುಪ್ರಾಣಿ, ವಲಸೆ ಹಕ್ಕಿ ನೋಡುವ ಆಸೆಯಾದರೆ ಗಡಿ ದಾಟಬೇಕು. ಕಲಘಟಗಿಯವರು ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೋ ದಾಂಡೇಲಿಗೋ ಹೋಗುತ್ತಾರೆ. ಕುಂದಗೋಳದವರು ಲಕ್ಷ್ಮೇಶ್ವರದ ಆಚೆಯ ಮಾಗಡಿ ಕೆರೆಗೆ. ಅಭಯಾರಣ್ಯದಲ್ಲೇ ಚಿಗರಿ, ಅಂದರೆ ಕೃಷ್ಣಮೃಗ, ನೋಡಬೇಕೆಂದರೆ ರಾಣೆಬೆನ್ನೂರಿಗೆ. ಈ ಜಿಲ್ಲೆಯಲ್ಲಿ ಅಭಯಾರಣ್ಯವೂ ಇಲ್ಲ, ಪಕ್ಷಿಧಾಮವೂ ಇಲ್ಲ. ಆದರೆ ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಚಿಗರಿ ಹಿಂಡುಗಳು ಹಾಡಹಗಲೇ ಮೇಯುತ್ತಿರುತ್ತವೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಎ.ಸಿ. ಬಸ್ಸಿಗೆ ಪ್ರೀತಿಯಿಂದ ‘ಚಿಗರಿ’ ಎಂದೇ ಹೆಸರಿಟ್ಟಿದ್ದೇವೆ. ಮೂವತ್ತು–ನಲವತ್ತು ಕಿಲೋಮೀಟರ್ ಆಚೆ ಅದೇ ಹೆಸರನ್ನು ರೈತ ಹೇಳುವ ಧಾಟಿಯೇ ಬೇರೆ. ‘ನಮ್ಮಲ್ಲೂ ಒಂದು ಜಿಂಕೆ ವನ ಆಗಲಿ, ಪ್ರವಾಸಿಗರು ಬರಲಿ’ ಎನ್ನುವವರಿದ್ದಾರೆ. ಆದರೆ ಈ ಬಯಲುಸೀಮೆಗೆ ಬೇಕಿರುವುದು ಬೇಲಿ ಹಾಕಿದ ಧಾಮವಲ್ಲ, ಪ್ರಾಣಿಯನ್ನು ಮೇಯಿಸುತ್ತಿರುವ ಹೊಲದವನಿಗೆ ಲೆಕ್ಕ ಚುಕ್ತಾ ಮಾಡುವ ವ್ಯವಸ್ಥೆ.

ಮಾಗಡಿಯನ್ನೇ ನೋಡಿ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಈ ಕೆರೆ ಸುಮಾರು 50 ಹೆಕ್ಟೇರಿನದು, ನೀರಾವರಿಗೆಂದು ಜನರೇ ಕಟ್ಟಿಕೊಂಡದ್ದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ 2024ರಲ್ಲಿ ಅದು ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಏರಿಯ ಮೇಲೆ ನಿಂತು ಫೋಟೊ ತೆಗೆಯುವವರಿಗೆ ಕಾಣುವುದು ಹಗಲು ನೀರಿನಲ್ಲಿ ತೂಕಡಿಸುವ ಹಕ್ಕಿಗಳು. ಅವು ಹೊಟ್ಟೆ ತುಂಬಿಸಿಕೊಳ್ಳುವುದು ಕೆರೆಯಲ್ಲಲ್ಲ, ಸುತ್ತಲಿನ ಹೊಲಗಳಲ್ಲಿ: ಶೇಂಗಾ, ಕಾಳುಕಡಿ, ಕೊಯ್ದ ಹೊಲದಲ್ಲಿ ಉದುರಿದ ಕಾಳು. ಕೆರೆಗೆ ಅಂತರರಾಷ್ಟ್ರೀಯ ಪಟ್ಟ ಸಿಕ್ಕಿತು. ಊಟ ಹಾಕಿದ ಹೊಲಕ್ಕೆ ಯಾವ ಬೋರ್ಡೂ ಇಲ್ಲ. ನವಲಗುಂದ ಭಾಗದಲ್ಲಂತೂ ಕೆರೆ, ಹೊಲ ಎಂಬ ಈ ಭೇದವೇ ಇಲ್ಲ. ಅಲ್ಲಿ ಹೊಲವೇ ಎಲ್ಲ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಎಂಬ ಗಿಡುಗ ಪೈರಿಗೆ ತಾಗುವಷ್ಟು ತಗ್ಗಿನಲ್ಲಿ ತೇಲಾಡುತ್ತ ಮಿಡತೆ ಹಿಡಿಯುತ್ತದೆ, ರಾತ್ರಿ ನೆಲದ ಮೇಲೆಯೇ ಮಲಗುತ್ತದೆ. ಅದಕ್ಕೆ ಮರ ಬೇಡ. ಬಯಲು ಬೇಕು.

ಬಯಲನ್ನು ಅಭಯಾರಣ್ಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ರಾಣೆಬೆನ್ನೂರೇ ಸಾಕ್ಷಿ. 1974ರಲ್ಲಿ 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗಕ್ಕೆಂದು ಘೋಷಿಸಲಾಯಿತು. ಅದರ ಬಹುಭಾಗದಲ್ಲಿ ಬೆಳೆದದ್ದು ಹುಲ್ಲಲ್ಲ, ಇಲಾಖೆ ನೆಟ್ಟ ನೀಲಗಿರಿ. ಚಿಗರಿ ಹೇಗೋ ಹೊಂದಿಕೊಂಡು ಉಳಿಯಿತು, ಮೇವಿಗೆ ಸುತ್ತಲಿನ ಹೊಲಕ್ಕೆ ಇಳಿಯಿತು. ಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿ ಅಲ್ಲಿಂದ ಮಾಯವಾಯಿತು. ಖಾಲಿ ನೆಲ ಕಂಡರೆ ಗಿಡ ನೆಡುವುದು ನಮ್ಮ ಹಳೇ ಚಾಳಿ. ಹುಲ್ಲುಗಾವಲನ್ನು ‘ಬಂಜರು’ ಎಂದು ಬರೆದಿಡುವ ಕಂದಾಯ ದಾಖಲೆಗೂ ಇದರಲ್ಲಿ ಪಾಲಿದೆ. ಬೇಲಿ ಹಾಕಿ, ಗಿಡ ನೆಟ್ಟು, ಕಾರಂಜಿ ಹಾರಿಸುವ ‘ವನ’ವೊಂದು ಅಣ್ಣಿಗೇರಿಯ ಪಕ್ಕದಲ್ಲಿ ಎದ್ದರೆ ಚಿಗರಿ ಅದರೊಳಗೆ ಇರುವುದಿಲ್ಲ, ಆಚೆಯ ಕಡಲೆ ಹೊಲದಲ್ಲಿರುತ್ತದೆ.

‘ಪೀಡೆಯನ್ನು ಪೋಷಿಸುವುದಕ್ಕೆ ಏನು ಕೊಡುತ್ತೀರಿ?’ ಎಂಬ ರೈತನ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ನಷ್ಟದ ಲೆಕ್ಕ ಸೂಕ್ಷ್ಮವಾದದ್ದು. ಹೆಸರು, ಕಡಲೆ ಎರಡೆಲೆ ಬಿಟ್ಟ ಹೊತ್ತಿನಲ್ಲೇ ಹಿಂಡು ಇಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಸಾಲಿಗೆ ಸಾಲೇ ಬೋಳು. ಮುಂಗಾರಾದರೆ ಇನ್ನೊಂದು ಮಳೆ ನೋಡಿ ಮತ್ತೆ ಬಿತ್ತಬಹುದು. ಹಿಂಗಾರಿಯಲ್ಲಿ ಹಾಗಲ್ಲ, ಎರೆಯೊಳಗೆ ನಿಂತ ಹಸಿಯೇ ಬಂಡವಾಳ, ವಾರ ಕಳೆದರೆ ಅದೂ ಆರಿಹೋಗುತ್ತದೆ. ಬೀಜ, ಕೂರಿಗೆ ಬಾಡಿಗೆ ಕೈಬಿಟ್ಟು ಹೋದದ್ದಲ್ಲದೆ ಹೊಲವೇ ಆ ವರ್ಷ ಬೀಳು. ಆನೆ ನುಗ್ಗಿದರೆ ಮುರಿದ ಬೆಳೆ ಕಣ್ಣಿಗೆ ಕಾಣುತ್ತದೆ. ಕಲಘಟಗಿಯ ಕಾಡಂಚಿನ ಭತ್ತದವರು ಅದನ್ನು ಪಂಚನಾಮೆಗೆ ತೋರಿಸಬಲ್ಲರು. ಎರಡೆಲೆಯ ಮೊಳಕೆ ಹೋದದ್ದಕ್ಕೆ ತೋರಿಸಲು ಉಳಿಯುವುದು ಬರೀ ಮಣ್ಣು. ಆದ್ದರಿಂದ ಪರಿಹಾರ ಸುಗ್ಗಿಯ ಇಳುವರಿಗಲ್ಲ, ಮರುಬಿತ್ತನೆಯ ಖರ್ಚಿಗೆ, ಅದೂ ಆ ವಾರದಲ್ಲೇ ಸಿಗಬೇಕು. ಇದಕ್ಕೆ ಮಾದರಿ ಇಲ್ಲದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಕೈತಪ್ಪಿದ ಹುಣಸೆ ಫಸಲಿಗೆ ಅರಣ್ಯ ಇಲಾಖೆ ಮರದ ಒಡೆಯನಿಗೆ ಹಣ ಕೊಡುತ್ತ ಬಂದಿದೆ. ಹಿಕ್ಕೆ ಹೇಗೂ ಗೊಬ್ಬರವಾಗುತ್ತದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಖಾಸಗಿ ಜಮೀನಿನವರು ತಾವಾಗಿ ಒಪ್ಪಿ ಮುಂದೆ ಬಂದರೆ ಹೀಗೆ ಘೋಷಿಸಲು 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ.

ದಾರಿ ಇದೆ ಎಂದ ಮಾತ್ರಕ್ಕೆ ನವಲಗುಂದ ಒಪ್ಪುತ್ತದೆ ಎಂದುಕೊಳ್ಳಬಾರದು. 1980ರ ಜುಲೈನಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಬಂಡೆದ್ದು ಗುಂಡೇಟು ತಿಂದ ನೆಲ ಇದು. ಕಳಸಾ–ಬಂಡೂರಿ ನೀರಿನ ಯೋಜನೆಯ ಕಾಮಗಾರಿ ವನ್ಯಜೀವಿ ಮಂಡಳಿಯ ಅನುಮತಿಗೆ ಕಾಯ್ದದ್ದನ್ನು ಕಂಡವರಿಗೆ ‘ವನ್ಯಜೀವಿ’ ಎಂಬ ಪದವೇ ನೀರಿಗೆ ಅಡ್ಡ ಬಂದ ಪದ. ಸಮುದಾಯ ಮೀಸಲು ಘೋಷಣೆಯಾದ ಮೇಲೆ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿ ಮತ್ತು ಸರ್ಕಾರದ ಒಪ್ಪಿಗೆ ಬೇಕೆಂಬುದೂ ನಿಜ. ಇದನ್ನು ಮುಚ್ಚಿಟ್ಟು ಸಹಿ ಹಾಕಿಸಿಕೊಂಡರೆ ಮೋಸ. ಹಾಗಾಗಿ ಮೊದಲು ಘೋಷಣೆ ಬೇಡ, ಮೊದಲು ಹಣ. ಎರಡು ಹಂಗಾಮು ಸರ್ಕಾರ ಮರುಬಿತ್ತನೆ ಪರಿಹಾರ ಕೊಟ್ಟು ತೋರಿಸಲಿ. ಪಂಚಾಯ್ತಿಯೇ ದಾರಿ ಗುರುತಿಸಿ, ಊರ ಹುಡುಗರನ್ನು ಮಾರ್ಗದರ್ಶಿಗಳನ್ನಾಗಿ ಮಾಡಿ, ನೋಡಲು ಬಂದವರಿಂದ ಶುಲ್ಕ ಪಡೆಯಲಿ. ಅದರಿಂದ ಬರುವುದು ಎಷ್ಟು ಮಹಾ ಎನ್ನುವವರಿದ್ದಾರೆ. ದೊಡ್ಡ ಮೊತ್ತವಲ್ಲ, ಒಪ್ಪೋಣ. ಪರಿಹಾರದ ಭಾರ ಸರ್ಕಾರದ್ದೇ ಆಗಿರಬೇಕು. ಆದರೆ ಹೊಲದವನ ಕೈಗೆ ಚಿಗರಿಯ ಹೆಸರಿನಲ್ಲಿ ನೂರು ರೂಪಾಯಿ ಬಂದರೂ ಅದು ಇಷ್ಟು ದಿನ ಬಾರದ ನೂರು ರೂಪಾಯಿ.

ಇನ್ನು, ಈ ಚಳಿಗಾಲ ಕ್ಯಾಮೆರಾ ಹಿಡಿದು ಆ ಕಡೆ ಹೊರಡುವವರಿಗೆ ಒಂದು ಮಾತು. ಬದುವಿನ ಮೇಲೆ ನಿಂತು ನೋಡಿ, ಬಿತ್ತಿದ ಹೊಲಕ್ಕೆ ಕಾರು ಇಳಿಸಬೇಡಿ. ಒಂದು ಹನಿ ಮಳೆ ಬಿದ್ದರೆ ಎರೆ ಮಣ್ಣು ಗಾಲಿಯನ್ನು ಬಿಡುವುದಿಲ್ಲ. ಟ್ರ್ಯಾಕ್ಟರ್ ತಂದು ಎಳೆಯಲು ಅದೇ ರೈತನೇ ಬರಬೇಕು.