ಹೋದವರ ಲೆಕ್ಕ, ಮರಳಿದವರ ಲೆಕ್ಕ

ಅಕ್ಕಿ, ಅದಿರು, ಕಚ್ಚಾ ತೈಲಗಳ ಆಮದು–ರಫ್ತಿನ ಅಂಕಿಅಂಶಗಳನ್ನು ಬಹುತೇಕ ಸರ್ಕಾರಗಳು ನಿಯತವಾಗಿ ಪ್ರಕಟಿಸುತ್ತವೆ. ಓದಿ, ತರಬೇತಿ ಪಡೆದು ಗಡಿ ದಾಟುವ ಯುವಜನರ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಇಡುವ ಸರ್ಕಾರಗಳು ಮಾತ್ರ ವಿರಳ. ‘ಪ್ರತಿಭಾ ಪಲಾಯನ’ ಎಂದು ನಾವು ದಶಕಗಳಿಂದ ಮರುಗುತ್ತಲೇ ಬಂದಿದ್ದೇವೆ. ಚೀನಾ ಅದನ್ನು ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಿತು. ಆ ಅಧ್ಯಯನವನ್ನೇ ಮುಖ್ಯ ಕಾಯಕವಾಗಿಸಿಕೊಂಡ ಚಿಂತಕರ ಚಾವಡಿಯೊಂದು ಬೀಜಿಂಗ್‌ನಲ್ಲಿದೆ. ಅದರ ಸಾಧನೆಯಷ್ಟೇ ಅದರ ಮಿತಿಯೂ ನಮಗೆ ಪಾಠವಾಗಬಲ್ಲದು.

‘ಸೆಂಟರ್ ಫಾರ್ ಚೀನಾ ಅಂಡ್ ಗ್ಲೋಬಲೈಸೇಷನ್’, ಸಂಕ್ಷಿಪ್ತವಾಗಿ ಸಿಸಿಜಿ, 2008ರಲ್ಲಿ ಆರಂಭವಾಯಿತು. ಸ್ಥಾಪಕರು ವಾಂಗ್ ಹುಯಿಯಾವೊ ಮತ್ತು ಮಿಯಾವೊ ಲು. ಕೆನಡಾದಲ್ಲಿ ವ್ಯಾಸಂಗ ಮಾಡಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಡಾಕ್ಟರೇಟ್ ಪಡೆದ ವಾಂಗ್ ಸ್ವತಃ ತಾಯ್ನಾಡಿಗೆ ಮರಳಿದವರು. ಇಂಥವರನ್ನು ಚೀನೀಯರು ‘ಸಮುದ್ರದ ಆಮೆ’ ಎನ್ನುತ್ತಾರೆ. ‘ಕಡಲಾಚೆಯಿಂದ ಮರಳಿದವರು’ ಎಂಬ ಅರ್ಥದ ಪದವನ್ನು ಅವರ ಭಾಷೆಯಲ್ಲಿ ಉಚ್ಚರಿಸಿದರೆ ಅದು ಆಮೆಯ ಹೆಸರಿನಂತೆಯೇ ಕೇಳಿಸುತ್ತದೆ. ಎಲ್ಲೆಲ್ಲೋ ಈಜಿ, ಹುಟ್ಟಿದ ದಡಕ್ಕೇ ಬಂದು ಮೊಟ್ಟೆಯಿಡುವ ಆ ಜೀವಿಗಿಂತ ಒಳ್ಳೆಯ ಉಪಮೆ ಸಿಗಲಾರದು.

ಈ ಆಮೆಗಳ ಚರಿತ್ರೆ 1978ರಿಂದ ಮೊದಲಾಗುತ್ತದೆ. ಹೆಚ್ಚು ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕಳುಹಿಸಬೇಕೆಂದು ಡೆಂಗ್ ಕ್ಸಿಯಾವೊಪಿಂಗ್ ಆ ವರ್ಷ ನಿರ್ಧರಿಸಿದರು. ಡಿಸೆಂಬರ್ ತಿಂಗಳಲ್ಲಿ ಸುಮಾರು ಐವತ್ತು ಮಂದಿಯ ಮೊದಲ ತಂಡ ಅಮೆರಿಕ ತಲುಪಿತು. 1989ರ ತಿಯಾನನ್ಮೆನ್ ದುರಂತದ ನಂತರ ಹೋದವರು ಹಿಂದಿರುಗಲು ಹಿಂಜರಿದರು. 1992ರಲ್ಲಿ ಅಮೆರಿಕ ಮಾಡಿದ ಕಾಯ್ದೆಯೊಂದರಿಂದಲೇ ಸುಮಾರು 54 ಸಾವಿರ ಚೀನೀಯರು ಅಲ್ಲಿ ಶಾಶ್ವತ ನೆಲೆ ಪಡೆದರು. ಅಂಥ ಸಂದರ್ಭದಲ್ಲಿ ಬಾಗಿಲು ಮುಚ್ಚುವುದು ಸುಲಭವಿತ್ತು. ಆದರೆ 1993ರಲ್ಲಿ ಬೀಜಿಂಗ್ ಘೋಷಿಸಿದ ನೀತಿ ಬೇರೆಯೇ ಆಗಿತ್ತು: ವಿದೇಶ ವ್ಯಾಸಂಗಕ್ಕೆ ಬೆಂಬಲ, ಮರಳುವವರಿಗೆ ಪ್ರೋತ್ಸಾಹ, ಬಂದುಹೋಗಲು ಸ್ವಾತಂತ್ರ್ಯ.

ಫಲ ಬರಲು ಕಾಲ ಹಿಡಿಯಿತು. ಚೀನಾದ ಶಿಕ್ಷಣ ಸಚಿವಾಲಯದ ಅಂಕಿಅಂಶದ ಪ್ರಕಾರ 1978ರಿಂದ 2019ರವರೆಗೆ ಹೊರಗೆ ಓದಲು ಹೋದವರು 65 ಲಕ್ಷಕ್ಕೂ ಹೆಚ್ಚು. ಅವರಲ್ಲಿ ವ್ಯಾಸಂಗ ಮುಗಿಸಿದವರು ಸುಮಾರು 49 ಲಕ್ಷ, ಮರಳಿದವರು 42 ಲಕ್ಷಕ್ಕೂ ಅಧಿಕ. ನಾನು ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ, ವಲಸೆ ಹೋದ ವೃತ್ತಿಪರರ ಆದಾಯದ ಮೇಲೆ ತೆರಿಗೆ ಹಾಕಿ ಅದನ್ನು ಬಡ ದೇಶಗಳ ಅಭಿವೃದ್ಧಿಗೆ ಬಳಸಬೇಕೆಂಬ ಜಗದೀಶ್ ಭಗವತಿಯವರ ಸಲಹೆ ತರಗತಿಯಲ್ಲಿ ಬಿಸಿ ಚರ್ಚೆಯ ವಸ್ತುವಾಗಿತ್ತು. ಚೀನಾ ಆ ದಾರಿ ಹಿಡಿಯಲಿಲ್ಲ. ಪ್ರಯೋಗಾಲಯ, ಬಂಡವಾಳ, ಉದ್ಯೋಗಗಳನ್ನು ಒದಗಿಸುತ್ತ, ಮರಳುವುದೇ ಲಾಭವೆಂಬ ಸ್ಥಿತಿಯನ್ನು ನಿರ್ಮಿಸಿತು. 2008ರ ‘ಸಹಸ್ರ ಪ್ರತಿಭೆ’ ಯೋಜನೆ ಇದರ ಮುಂದುವರಿಕೆ.

ಸಿಸಿಜಿಯ ಕಾರ್ಯ ಇಲ್ಲಿ ಮುಖ್ಯವಾಗುತ್ತದೆ. ವಿದೇಶ ವ್ಯಾಸಂಗ, ಮರಳಿದವರ ಉದ್ಯಮ, ಅಂತರರಾಷ್ಟ್ರೀಯ ವಲಸೆ ಇವುಗಳ ಮೇಲೆ ಅದು ‘ನೀಲಿ ಪುಸ್ತಕ’ಗಳೆಂಬ ವರದಿಗಳನ್ನು ಹೊರತರುತ್ತ ಬಂದಿದೆ. ವಲಸೆಗೆಂದೇ ಪ್ರತ್ಯೇಕ ಆಡಳಿತ ಬೇಕೆಂದು ಅದು ವಾದಿಸುತ್ತಿತ್ತು. 2018ರಲ್ಲಿ ಚೀನಾ ರಾಷ್ಟ್ರೀಯ ವಲಸೆ ಆಡಳಿತವನ್ನು ಸ್ಥಾಪಿಸಿತು. ಸಂಸ್ಥೆಯೊಂದರ ಸಲಹೆಯೇ ಇದಕ್ಕೆ ಕಾರಣವೆಂದು ಯಾರೂ ಹೇಳಲಾಗದು. ಆದರೆ ಆಡಳಿತದಲ್ಲಿದ್ದವನಾಗಿ ಒಂದು ಮಾತನ್ನು ಹೇಳಬಲ್ಲೆ. ಒಂದೇ ವಿಷಯವನ್ನು ಹಿಡಿದು, ಅಂಕಿಅಂಶಗಳೊಡನೆ ವರ್ಷ ವರ್ಷವೂ ಬಾಗಿಲು ತಟ್ಟುವವರ ಮಾತು ಒಂದಲ್ಲ ಒಂದು ದಿನ ಕಡತದೊಳಗೆ ಸೇರುತ್ತದೆ.

ಇನ್ನು ಮಿತಿಯ ಮಾತು. ಸಿಸಿಜಿ ತನ್ನನ್ನು ಸರ್ಕಾರೇತರ ಸಂಸ್ಥೆಯೆಂದು ಕರೆದುಕೊಳ್ಳುತ್ತದೆ. ವಾಂಗ್ ಅವರಾದರೋ 2015ರಲ್ಲಿ ಚೀನಾದ ಸ್ಟೇಟ್ ಕೌನ್ಸಿಲ್‌ಗೆ ಸಲಹೆಗಾರರಾಗಿ ನೇಮಕಗೊಂಡವರು. 2018ರಲ್ಲಿ ವಾಷಿಂಗ್ಟನ್ನಿನ ವಿಲ್ಸನ್ ಸೆಂಟರ್‌ನ ಸಭೆಯಲ್ಲಿ ಅವರು ಭಾಗವಹಿಸಬೇಕಿತ್ತು. ಕಮ್ಯುನಿಸ್ಟ್ ಪಕ್ಷದ ‘ಸಂಯುಕ್ತ ರಂಗ’ದೊಂದಿಗೆ ಅವರಿಗಿರುವ ನಂಟನ್ನು ಆಗ ಸೆನೆಟರ್ ಆಗಿದ್ದ ಮಾರ್ಕೊ ರುಬಿಯೊ ಪ್ರಶ್ನಿಸಿದ ಮೇಲೆ ಅವರು ಸಭೆಯಿಂದ ಹಿಂದೆ ಸರಿದರು. ಅಮೆರಿಕದ ರಾಜಕಾರಣಿಗಳ ಶಂಕೆಯನ್ನೆಲ್ಲ ನಾವು ಒಪ್ಪಬೇಕಿಲ್ಲ. ಬೀಜಿಂಗಿನ ಇನ್ನೊಂದು ಸಂಸ್ಥೆಯ ಕಥೆಯೇ ಸಾಕು. ಮಾವೊ ಯುಷಿ ಮೊದಲಾದ ಅರ್ಥಶಾಸ್ತ್ರಜ್ಞರು 1993ರಲ್ಲಿ ಕಟ್ಟಿದ ‘ಯೂನಿರೂಲ್’ ಸಂಸ್ಥೆ ಮುಕ್ತ ಮಾರುಕಟ್ಟೆಯ ಪರವಾಗಿ ಸರ್ಕಾರವನ್ನು ನೇರವಾಗಿ ಟೀಕಿಸುತ್ತಿತ್ತು. 2018ರಲ್ಲಿ ಅದರ ಕಚೇರಿಯ ಬಾಗಿಲಿಗೆ ಕಬ್ಬಿಣದ ಸರಳು ಬಿತ್ತು. 2019ರಲ್ಲಿ ಸಂಸ್ಥೆಯೇ ಮುಚ್ಚಿತು. ಅದೇ ನಗರದಲ್ಲಿ ಸಿಸಿಜಿ ಬೆಳೆಯುತ್ತಲೇ ಹೋಯಿತು.

ಈ ವ್ಯತ್ಯಾಸದ ಬೆಲೆಯನ್ನು ತೆರುವವರು ಸಾಮಾನ್ಯ ಜನ. 2020ರ ಜನಗಣತಿಯಲ್ಲಿ ಚೀನಾದ ಮುಖ್ಯಭೂಮಿಯಲ್ಲಿ ಸಿಕ್ಕ ವಿದೇಶೀಯರು 8,45,697 ಮಂದಿ. ಹತ್ತು ಸಾವಿರ ಜನರಿಗೆ ಸುಮಾರು ಆರು. ಅದೇ ವರ್ಷ ವಿದೇಶೀಯರ ಕಾಯಂ ವಾಸದ ನಿಯಮಗಳನ್ನು ಸಡಿಲಿಸುವ ಕರಡು ಹೊರಬಿದ್ದಾಗ ಜನರ ಆಕ್ರೋಶ ಎಷ್ಟಿತ್ತೆಂದರೆ ಅದು ಮೂಲೆ ಸೇರಿತು. 2025ರ ಅಕ್ಟೋಬರ್ 1ರಂದು ವಿಜ್ಞಾನ–ತಂತ್ರಜ್ಞಾನ ಕ್ಷೇತ್ರದ ವಿದೇಶಿ ಯುವಕರಿಗಾಗಿ ‘ಕೆ ವೀಸಾ’ ಜಾರಿಗೆ ಬಂದಾಗಲೂ ಅದೇ ಸಿಟ್ಟು ಮರುಕಳಿಸಿತು. ಆ ಬೇಸಿಗೆಯಲ್ಲಿ ಅಲ್ಲಿ ಪದವಿ ಪಡೆದವರು 1 ಕೋಟಿ 22 ಲಕ್ಷ. ಆಗಸ್ಟ್‌ನಲ್ಲಿ ನಗರಗಳ ಯುವಜನರ ನಿರುದ್ಯೋಗ ಪ್ರಮಾಣ ಶೇ 18.9. ನಮಗೇ ಕೆಲಸವಿಲ್ಲದಿರುವಾಗ ಹೊರಗಿನವರೇಕೆ ಎಂದು ಆ ಪದವೀಧರರು ಕೇಳಿದರು. ಅವರ ಸಿಟ್ಟಿನ ದೊಡ್ಡ ಪಾಲು ಭಾರತೀಯರ ಮೇಲೆಯೇ ತಿರುಗಿತೆಂಬುದು ನಮಗೆ ಸಂಬಂಧಿಸಿದ ಸಂಗತಿ.

ಆ ಪ್ರಶ್ನೆಗೆ ಉತ್ತರ ಸರ್ಕಾರದಿಂದ ಬರಬೇಕು. ಅದಕ್ಕೂ ಮೊದಲು ಪ್ರಶ್ನೆ ಸರ್ಕಾರದ ಕಿವಿಗೆ ಬೀಳಬೇಕು. ಸರ್ಕಾರದ ಕಿವಿ ಸಿಕ್ಕಿರುವ ಸಂಸ್ಥೆಗೆ ಕಟುವಾಗಿ ಮಾತನಾಡುವ ಸ್ವಾತಂತ್ರ್ಯವಿಲ್ಲ. ಕಟುವಾಗಿ ಮಾತನಾಡಿದ ಸಂಸ್ಥೆ ಉಳಿಯಲಿಲ್ಲ. 2023ರ ಜೂನ್‌ನಲ್ಲಿ ಯುವ ನಿರುದ್ಯೋಗ ಶೇ 21.3ಕ್ಕೇರಿದಾಗ ಸರ್ಕಾರ ಆ ಅಂಕಿಯ ಪ್ರಕಟಣೆಯನ್ನೇ ಕೆಲ ತಿಂಗಳು ನಿಲ್ಲಿಸಿತ್ತು. ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟರೆ ಮುಖದ ಕಲೆ ಅಳಿಯುವುದಿಲ್ಲ.

ನಮ್ಮ ಕೊರತೆ ಬೇರೆ ಬಗೆಯದು. ಇಲ್ಲಿ ಟೀಕಿಸುವವರಿಗೆ ಬರವಿಲ್ಲ, ಎಣಿಸುವವರಿಗೆ ಬರ. 2022ರಲ್ಲಿ 2,25,620 ಮಂದಿ ಭಾರತದ ಪೌರತ್ವ ತೊರೆದರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಅವರಲ್ಲಿ ಕನ್ನಡ ನಾಡಿನವರೆಷ್ಟು? ಹೊರಗೆ ಓದಿ ಬೆಂಗಳೂರಿಗೆ ಮರಳಿದವರೆಷ್ಟು? ಸೇವೆಯಲ್ಲಿದ್ದಾಗ ಒಂದು ಸಭೆಗಾಗಿ, ಕರಾವಳಿಯ ಜಿಲ್ಲೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಸಂಖ್ಯೆಯನ್ನು ಕೇಳಿದ್ದೆ. ಮೂರು ಇಲಾಖೆಗಳಿಂದ ಮೂರು ಉತ್ತರ ಬಂದವು, ಮೂರೂ ಅಂದಾಜುಗಳು. ಪಕ್ಕದ ಕೇರಳದಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ವಿದ್ವಾಂಸರು 1998ರಲ್ಲೇ ವಲಸೆ ಸಮೀಕ್ಷೆ ಆರಂಭಿಸಿದರು. ಅದು ಮತ್ತೆ ಮತ್ತೆ ನಡೆದು, ಆ ರಾಜ್ಯದ ನೀತಿಗೆ ಆಧಾರವಾಗಿದೆ. ಅಂಥ ಸಂಪ್ರದಾಯ ನಮ್ಮಲ್ಲಿ ಬೆಳೆಯಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕವು ಹೊಸ ಎಚ್–1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ, ಎಷ್ಟು ಮಂದಿ ಹಿಂದಿರುಗಬಹುದು, ಅವರಿಗೆ ಏನು ಬೇಕು ಎಂಬ ಚರ್ಚೆ ಊಹೆಗಳ ಮೇಲೆಯೇ ನಡೆಯಿತು. ಹೀಗಾಗಬಾರದು. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ರಾಜ್ಯ ಸರ್ಕಾರ ಐದು ವರ್ಷಕ್ಕೊಮ್ಮೆ ವಲಸೆ ಸಮೀಕ್ಷೆ ನಡೆಸುವ ಹೊಣೆಯನ್ನು ಇಂಥ ಸಂಸ್ಥೆಗೆ ಒಪ್ಪಿಸಲಿ. ಹಣ ಕೊಡಲಿ, ವರದಿಯ ಕರಡನ್ನು ತಿದ್ದುವ ಅಧಿಕಾರವನ್ನು ಮಾತ್ರ ಇಟ್ಟುಕೊಳ್ಳದಿರಲಿ. ಫಲಿತಾಂಶ ಅಹಿತವಾಗಿದ್ದರೂ ನಿಗದಿತ ದಿನದಂದು ಪ್ರಕಟವಾಗಬೇಕೆಂಬ ಷರತ್ತು ಒಪ್ಪಂದದಲ್ಲೇ ಇರಲಿ. ಸಿಸಿಜಿಯ ಪಟ್ಟುಹಿಡಿದ ಎಣಿಕೆಯನ್ನೂ ಯೂನಿರೂಲ್‌ನ ನಿಷ್ಠುರ ಮಾತನ್ನೂ ಒಂದೇ ಸೂರಿನಡಿ ಇರಿಸಿಕೊಳ್ಳುವ ಅವಕಾಶ ಬೀಜಿಂಗಿಗೆ ಸಿಗಲಿಲ್ಲ. ನಮಗೆ ಅದು ಇದೆ; ಬಳಸಿಕೊಳ್ಳಲು ಒಂದು ಸರ್ಕಾರಿ ಆದೇಶ ಸಾಕು.