ಕಚೇರಿಯ ವಿಚಾರಣೆಯೂ ಕಕ್ಷಿಗಾರನ ಹಕ್ಕೂ

ಖಾತೆಯ ಬದಲಾವಣೆ, ಪರವಾನಗಿಯ ರದ್ದಿಯಾತಿ, ನಿವೃತ್ತಿವೇತನದ ತಕರಾರು, ಇಂತಹ ಯಾವುದಾದರೊಂದು ಕಾರಣಕ್ಕೆ ಗೃಹಸ್ಥನಾದವನು ಅಧಿಕಾರಿಯ ಮೇಜಿನ ಮುಂದೆ ನಿಲ್ಲಬೇಕಾಗುವುದಷ್ಟೆ. ಅದು ನ್ಯಾಯಾಲಯವಲ್ಲವಾದುದರಿಂದ ಅಲ್ಲಿ ತಮಗೆ ಹಕ್ಕೇ ಇಲ್ಲವೆಂದು ಅನೇಕರ ಭಾವನೆ. ಕರೆದರು, ಹೋದೆವು, ಕೈಕಟ್ಟಿ ನಿಂತೆವು, “ಆಗಲಿ, ನೋಡೋಣ” ಎಂದರು, ಬಂದೆವು. ಇದನ್ನು ವಿಚಾರಣೆಯೆಂದು ಕರೆಯಲು ನಾವು ಒಪ್ಪೆವು.

ಅರ್ಥಿಯ ಆಪಾದನೆಯನ್ನು ಪ್ರತ್ಯರ್ಥಿಯ ಎದುರಿನಲ್ಲಿಯೇ ಬರೆಯಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿದ್ದವನು. ಬೆನ್ನ ಹಿಂದೆ ಬರೆದ ದೂರಿಗೆ ಉತ್ತರವನ್ನು ಕೊಡುವುದಾದರೂ ಹೇಗೆ?

ಒರಿಸ್ಸಾ ಸರ್ಕಾರದ ವೈದ್ಯೆಯೊಬ್ಬರ ಸಂಗತಿಯನ್ನು ನೋಡಿರಿ. ಆಕೆಯ ಜನ್ಮದಿನವನ್ನು ಸರ್ಕಾರದವರು 1910ರಿಂದ 1907ಕ್ಕೆ ಹಿಂದೆ ಸರಿಸಿ, ಕೆಲಸದಿಂದ ನಿವೃತ್ತಿಗೊಳಿಸಿಬಿಟ್ಟರು. ಸಮಜಾಯಿಷಿಯನ್ನೇನೋ ಕೇಳಿದ್ದರು, ಆದರೆ ವಿಚಾರಣಾಧಿಕಾರಿಯ ವರದಿಯನ್ನು ಆಕೆಗೆ ತೋರಿಸಿರಲಿಲ್ಲ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆ ನಿಲ್ಲತಕ್ಕದ್ದಲ್ಲವೆಂದಿತು. ಕೇವಲ ಆಡಳಿತದ ಆಜ್ಞೆಯೇ ಆದರೂ ಅದು ಒಬ್ಬರ ಹಕ್ಕಿಗೆ ಬಾಧಕವಾಗುವುದಾದರೆ, ಅವರ ವಿರುದ್ಧವಿರುವುದನ್ನು ತಿಳಿಸಿ, ಅವರ ಮಾತನ್ನು ಕೇಳಿಯೇ ಮಾಡಬೇಕೆಂದು ಅಲ್ಲಿ ನಿರ್ಣಯವಾಯಿತು.

ಇನ್ನು ಕೇಳುವವರಾರೆಂಬುದು. ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಖಾಸಗಿಯವರ ಬಸ್ಸಿನ ಮಾರ್ಗಗಳನ್ನು ಸರ್ಕಾರವು ವಹಿಸಿಕೊಳ್ಳಹೊರಟಾಗ, ಮಾಲೀಕರ ಆಕ್ಷೇಪಣೆಗಳನ್ನು ಸಾರಿಗೆ ಇಲಾಖೆಯ ಕಾರ್ಯದರ್ಶಿ ಕೇಳಿದರು; ತೀರ್ಮಾನವನ್ನು ಮುಖ್ಯಮಂತ್ರಿಗಳು ಮಾಡಿದರು. 1958ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ರದ್ದುಮಾಡಿತು. ಒಬ್ಬನು ಕೇಳಿ ಮತ್ತೊಬ್ಬನು ತೀರ್ಮಾನಿಸಿದರೆ ಕೇಳಿದ್ದೇ ವ್ಯರ್ಥ. ಅದೂ ಅಲ್ಲದೆ, ಯೋಜನೆಯನ್ನು ಬಯಸಿದ ಇಲಾಖೆಯವರೇ ಆಕ್ಷೇಪಣೆಯನ್ನು ಕೇಳಲು ಕುಳಿತುದು ಯುಕ್ತವಾಗಲಿಲ್ಲ. ಊಟ ಮಾಡಿದವನೊಬ್ಬ, ರುಚಿ ಹೇಳುವವನು ಇನ್ನೊಬ್ಬನೆಂದರೆ ನಮ್ಮ ಮನೆಯ ಹೆಂಗಸರು ನಕ್ಕಾರು!

ಹಕ್ಕಿಗೂ ಮೇರೆಯುಂಟು. ಎಲ್ಲ ವಿಚಾರಣೆಗಳಲ್ಲಿಯೂ ವಕೀಲರನ್ನು ಕರೆದೊಯ್ಯುವ ಅಧಿಕಾರವಿಲ್ಲ. ಕೆಲವೆಡೆ ಬಾಯಿಮಾತಿನ ವಿಚಾರಣೆಯೂ ಇಲ್ಲದೆ, ಬರೆದುಕೊಟ್ಟ ಉತ್ತರವೇ ಸಾಕಾಗುತ್ತದೆ. ಆದುದರಿಂದ ಆ ಬರಹವನ್ನು ಉದಾಸೀನ ಮಾಡಬಾರದು. ನೋಟೀಸು ಬಂದೊಡನೆ, ಅದರಲ್ಲಿ ಹೇಳಿದ ಕಾಗದಗಳ ನಕಲನ್ನು ಲಿಖಿತವಾಗಿ ಕೇಳಿರಿ. ಸಿದ್ಧತೆಗೆ ಕಾಲ ಸಾಲದಿದ್ದರೆ ಅದನ್ನೂ ಬರೆಯಿರಿ. ಉತ್ತರವನ್ನು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಂಡೇ ಮೆಟ್ಟಿಲಿಳಿಯಿರಿ. ಗುಮಾಸ್ತರು “ನಾಳೆ ಬನ್ನಿ” ಎಂದರೆ ಸ್ಪೀಡ್ ಪೋಸ್ಟ್ ಇದೆ. ತೀರ್ಮಾನವು ಬಂದ ಮೇಲೆ ಅದರಲ್ಲಿ ಕಾರಣಗಳನ್ನು ಬರೆದಿರುವರೇ, ಅದು ನಿಮ್ಮ ಕೈಸೇರಿದ ದಿನವಾವುದು, ಇವೆರಡನ್ನೂ ಗುರುತಿಟ್ಟುಕೊಳ್ಳತಕ್ಕದ್ದು. ಮೇಲ್ಮನವಿಗೆ ಮೊದಲು ಬೇಕಾಗುವುವು ಅವೇ.